ಅಂಚು ಚೂಪಾದ ನೆರಳು

ಆಸ್ಪತ್ರೆಗಳಲ್ಲಿ ಎಕ್ಸ್‌ರೇ ತೆಗೆಯುವವರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬ್ಯಾಡ್ಜಿನೊಳಗೊಂದು ಪುಟ್ಟ ಫಿಲ್ಮು ಇರುತ್ತದೆ. ವಿಕಿರಣ ಬಿದ್ದಷ್ಟೂ ಕಪ್ಪಾಗುತ್ತದೆ. ಆ ಸಲ ನನ್ನ ತಂಗಿಯ ಫಿಲ್ಮು ಕಾಡಿಗೆಯಂತೆ ಕಪ್ಪಾಗಿ ಬಂತು. ಅವಳು ಐದು ತಿಂಗಳ ಬಸುರಿ.

ವಿಷಯ ಅವಳ ಆಸ್ಪತ್ರೆಗೆ ತಿಳಿಸಿದೆ. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಜನ. ಗಾಬರಿ ಹುಟ್ಟಿಸಿ ಅವಳನ್ನು ಮನೆಗೆ ಅಟ್ಟಿದರು. ಅವಳು ನೆಟ್ಟಗೆ ನನ್ನ ಲ್ಯಾಬಿಗೆ ಬಂದಳು.

"ಅಕ್ಕಾ, ಮಗೂಗೆ ಏನಾದ್ರೂ ಆಗಿದ್ರೆ?"

"ಮೊದ್ಲು ಕೂತ್ಕೋ. ನಾನಿನ್ನೂ ಫಿಲ್ಮನ್ನ ಸರಿಯಾಗಿ ನೋಡೇ ಇಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನನ್ನ ಅನ್ನ ಹುಟ್ಟುವುದೇ ಅದರಿಂದ. ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲಿಟ್ಟೆ. ಬ್ಯಾಡ್ಜಿನ ಕವಚದಲ್ಲಿ ತಾಮ್ರ, ಸೀಸದ ತುಣುಕುಗಳಿರುತ್ತವೆ. ಅವುಗಳ ನೆರಳು ಫಿಲ್ಮಿನ ಮೇಲೆ ಬೀಳುತ್ತದೆ. ಬ್ಯಾಡ್ಜು ಓಡಾಡುವ ಮೈಮೇಲಿದ್ದರೆ ವಿಕಿರಣ ನಾನಾ ಕಡೆಯಿಂದ ತಾಗಿ ನೆರಳಿನ ಅಂಚು ಮಸುಕಾಗುತ್ತದೆ. ಇಲ್ಲಿ ಅಂಚು ಚಾಕುವಿನಿಂದ ಕೊಯ್ದಷ್ಟು ಚೂಪಾಗಿತ್ತು. ಬ್ಯಾಡ್ಜು ಅಲುಗಾಡದೆ ಒಂದೇ ಕಡೆ ಇತ್ತು.

"ಬ್ಯಾಡ್ಜ್ ಎಲ್ಲಿ ಬಿಟ್ಟಿದ್ದೆ?"

ಅವಳು ಯೋಚಿಸಿದಳು. "ಹೊಟ್ಟೆಗೆ ಬಿಗಿಯಾಗುತ್ತೆ ಅಂತ ಕೋಟ್ ಬಿಚ್ಚಿ ಮಷಿನ್ ಎದುರಿನ ಗೋಡೆಗೆ ನೇತುಹಾಕ್ತಿದ್ದೆ. ಬ್ಯಾಡ್ಜೂ ಅದ್ರಲ್ಲೇ ಇರ್ತಿತ್ತು."

"ಬುದ್ಧಿವಂತೆ. ಇಷ್ಟೂ ಬಿದ್ದಿರೋದು ನಿನ್ ಕೋಟಿಗೆ, ನಿನಗಲ್ಲ."

ಅವಳು ನಗಲಿಲ್ಲ. "ಹಾಗಾದ್ರೆ ನನಗೆ ಬಿದ್ದಿದ್ದು ಎಷ್ಟು?"

ಕೇಳಬೇಕಾದ ಮಾತನ್ನೇ ಕೇಳಿದ್ದಳು. ಮೈಮೇಲಿಲ್ಲದ ಬ್ಯಾಡ್ಜು ಅದಕ್ಕೆ ಉತ್ತರ ಹೇಳಲಾರದು.

"ಗುಂಡಿ ಒತ್ತೋವಾಗ ಸೀಸದ ಗೋಡೆ ಬಿಟ್ಟು ಆಚೆ ಬಂದಿದ್ದೀಯಾ?"

"ಒಂದು ದಿನಾನೂ ಇಲ್ಲ."

"ಸರಿ. ನಡಿ, ಅಳೆದೇ ನೋಡೋಣ."

ವಿಕಿರಣ ಅಳೆಯುವ ಮೀಟರ್ ಹಿಡಿದು ಆಸ್ಪತ್ರೆಗೆ ಹೋದೆವು. ಅವಳನ್ನು ಹೊರಗೆ ಕೂರಿಸಿದೆ. ರೋಗಿಯ ಜಾಗದಲ್ಲಿ, ಮೈಯಂತೆಯೇ ಕಿರಣ ಚದುರಿಸಲಿ ಎಂದು ನೀರು ತುಂಬಿದ ಕ್ಯಾನ್ ಇಟ್ಟು, ಅವಳು ದಿನವೂ ನಿಲ್ಲುವ ಸೀಸದ ಗೋಡೆಯ ಹಿಂದೆ ಅವಳ ಹೊಟ್ಟೆಯ ಮಟ್ಟಕ್ಕೆ ಮೀಟರ್ ಇಟ್ಟೆ. ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಮಷಿನ್ನನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಒತ್ತಿದೆ. ನೆಲದಿಂದ, ಆಕಾಶದಿಂದ ನಮಗೆಲ್ಲ ಸದಾ ತಾಗುವಷ್ಟೇ ವಿಕಿರಣ ಅಲ್ಲಿತ್ತು. ಅಂಕಿ ಅದಕ್ಕಿಂತ ಮೇಲೇರಲಿಲ್ಲ.

ಬಾಗಿಲು ತೆಗೆದು ಮೀಟರನ್ನು ಅವಳ ಮುಂದೆ ಹಿಡಿದೆ. ಅವಳು ಅಂಕಿಯನ್ನು ನೋಡಲೇ ಇಲ್ಲ.

"ಅಕ್ಕಾ, ಅಂಕಿ ಬೇಡ. ನೀನೇ ಹೇಳು."

"ಮಗೂಗೆ ಏನೂ ತಾಗಿಲ್ಲ ಕಣೇ."