ಸುಣ್ಣ ಬಳಿದ ತಲೆಗಲ್ಲು

ಜಾಲಿಯ ಬೇರು ಕಿತ್ತು ಕಿತ್ತು ಕೆಂಗಲದಿನ್ನಿಯ ಹೆಣ್ಣುಮಕ್ಕಳ ಅಂಗೈ ಹರಿದುಹೋಗಿದ್ದವು. ಸಂಜೆ ರೊಟ್ಟಿಗೆಂದು ಹಿಟ್ಟು ನಾದಲು ಕೂತರೆ ಬಿಸಿನೀರು ತಾಕಿ ಜೀವ ಬಾಯಿಗೆ ಬರುತ್ತಿತ್ತು. ಗಂಡಸರು ಹೆಗಲಿಗೆ ಹಗ್ಗ ಹಾಕಿಕೊಂಡು ಕಲ್ಲುಗುಂಡು ಎಳೆದು ನೆಲ ಬಡಿಯುತ್ತಿದ್ದರು. ಬಿಸಿಲಿಗೆ ಎತ್ತು ಸೊರಗುತ್ತವೆಂದು ದೇಸಾಯರ ಕಾರಭಾರಿ ವಾಡೆಯ ಎತ್ತು ಬಿಟ್ಟಿರಲಿಲ್ಲ. ಕೂಲಿಯ ಮಾತೇ ಇಲ್ಲ. ಅದು ದೇಸಾಯರ ಬಿಟ್ಟಿ.

ಬಿಟ್ಟಿಗೆ ಕೂಗಿ ಕರೆದ ಬಾಯಿ ಮಾರೆಪ್ಪನದು. ಅವನು ಊರ ಕುಳವಾಡಿ. ಸಾವಿನ ಸುದ್ದಿ ಮುಟ್ಟಿಸುವವನು, ಕುಣಿ ತೋಡುವವನು, ತಲೆಗಲ್ಲು ನಿಲ್ಲಿಸುವವನು ಅವನೇ. ಆ ಚಾಕರಿಗೆ ಹಿರಿಯರ ಕಾಲದಿಂದ ಅವನ ಮನೆತನಕ್ಕೆ ಒಂದು ತುಂಡು ಮಾನ್ಯದ ಹೊಲವಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ದೇಸಾಯರ ಮಗ ಹೈದರಾಬಾದಿನಲ್ಲಿ ವಿಮಾನ ನಡೆಸುವ ವಿದ್ಯೆ ಕಲಿಯುತ್ತಿದ್ದ. ರಾಯಚೂರಿನ ಇಬ್ಬರು ಸಾಹುಕಾರರ ಮಕ್ಕಳು ಅವನ ಜೊತೆಗಾರರು. ವಿಮಾನ ಇಳಿಯಲು ಬಯಲು ಬೇಕೆಂದು ಮಗ ಹೇಳಿ ಕಳಿಸಿದ. ಎರೆ ಹೊಲ ಬಿರುಕು ಬಿಡುತ್ತದೆ, ಗಾಲಿ ಸಿಕ್ಕಿಬೀಳುತ್ತದೆ. ಸಪಾಟಾದ ಗಟ್ಟಿ ಗರಸು ನೆಲ ಊರ ಸುತ್ತ ಇದ್ದದ್ದು ಒಂದೇ ಕಡೆ. ಮಾನ್ವಿ ದಾರಿಯ ಬದಿ, ಮಾರೆಪ್ಪನ ಕೇರಿಯವರ ಹೆಣ ಹೂಳುವ ಜಾಗ.

ವಿಮಾನದ ಕೆಲಸಕ್ಕೆಂದು ಮುಂಚಿತವಾಗಿ ಬಂದಿದ್ದ ಮಿಸ್ತ್ರಿ ಸತ್ತಾರ್ ಸಾಬ್ ಬೇವಿನ ನೆರಳಲ್ಲಿ ಬೀಡಿ ಹಚ್ಚಿ ಮಾರೆಪ್ಪನಿಗೆ ಎಲ್ಲ ಬಿಡಿಸಿ ಹೇಳಿದ್ದ.

"ನೋಡು ಮಾರೆಪ್ಪ, ಇದು ಮೋಟಾರ್ ನಡಸಿದಂಗಲ್ಲ. ಆಕಾಶದಾಗ ಇಷ್ಟು ತಾಸು ತಿರಗೀನಿ ಅಂತ ತುಂಬಿಸಿ ತೋರಿಸಿದ್ರೇನೇ ಪರವಾನಗಿ. ಆಮ್ಯಾಲೆ ನೌಕರಿ. ಹೈದರಾಬಾದಿನಾಗ ಒಂದೊಂದು ತಾಸಿಗೂ ಕೈ ಸುಡತದ. ಅದಕ್ಕ ಮೂವರೂ ಕೂಡಿ ಫೌಜಿನವರು ಮಾರಿದ ಹಳೇ ವಿಮಾನ ತಗೊಂಡಾರ. ಒಬ್ಬ ನಡಸ್ತಾನ, ಇನ್ನೊಬ್ಬ ಹಿಂದ ಕುಂತು ದಾರಿ ಕಲೀತಾನ. ಇಲ್ಲಿ ನೆಲಕ್ಕ ಬಾಡಿಗಿಲ್ಲ, ಆಳಿಗೆ ಕೂಲಿ ಇಲ್ಲ. ಸಸ್ತಾದಾಗ ತಾಸು ತುಂಬತಾವ."

ಮಾರೆಪ್ಪ ತಲೆ ಅಲ್ಲಾಡಿಸಿದ್ದ. ಸಸ್ತಾ ಎನ್ನುವ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು.

ಏಕೆಂದರೆ ಆ ಸಸ್ತಾದಲ್ಲಿ ಅವನದೂ ಒಂದು ಪಾಲಿತ್ತು.

ಕೇರಿಯಲ್ಲಿ ಹೆಣ ಹೂತ ಮೂರನೆಯ ದಿನ ತಲೆಗಲ್ಲು ನಿಲ್ಲಿಸುತ್ತಾರೆ. ಗಂಡಸಿಗೆ ಅವನು ದುಡಿದ ಹೊಲದ ಬದುವಿನ ಕಲ್ಲು. ಹೆಂಗಸಿಗೆ ಅವಳು ಬೀಸಿದ ಬೀಸುಕಲ್ಲಿನ ಮೇಲಿನ ಹೋಳು. ಮನೆಯವರು ಕಲ್ಲಿನ ಮೇಲೆ ಕೈಯಿಟ್ಟು ಸತ್ತವರ ಹೆಸರು ಹೇಳುತ್ತಾರೆ. ಅಕ್ಷರ ಕಾಣದ ಜನಕ್ಕೆ ಆ ಕಲ್ಲೇ ಹೆಸರು. ಕುಳವಾಡಿಯೇ ಸಾಕ್ಷಿ.

ಕೆಂಪು ನೆಲ ಮೇಲಿನಿಂದ ಗುರುತು ಹತ್ತುವುದಿಲ್ಲ, ಎರಡೂ ಅಂಚಿಗೆ ಬಿಳಿ ಕಲ್ಲಿನ ಸಾಲು ಬೇಕು ಎಂದು ಸಣ್ಣ ಧಣಿಯ ಅಪ್ಪಣೆಯಾಗಿತ್ತು. ಕಾರಭಾರಿ ಮಾರೆಪ್ಪನನ್ನು ವಾಡೆಯ ಹಿಂದಕ್ಕೆ ಕರೆದ. ಕಲ್ಲು ಹುಡುಕಿಕೊಂಡು ಎಲ್ಲಿಗೆ ಹೋಗೋಣ, ಅಲ್ಲೇ ಬಿದ್ದಿವೆಯಲ್ಲ ಅಂದ. ಮಾರೆಪ್ಪ ಹಿಂದೆ ಸರಿದದ್ದು ಕಂಡು, ಮಾನ್ಯದ ಹೊಲಕ್ಕೆ ಬೇರೆಯವರೂ ಕೇಳುತ್ತಿದ್ದಾರೆ ಎಂದು ಮೆತ್ತಗೆ ಸೇರಿಸಿದ.

ಮಾರೆಪ್ಪ ಕೇರಿಗೆ ಬಂದು ಸುಳ್ಳು ಹೇಳಿದ. ಬಯಲಿನ ಕೆಲಸ ಮುಗಿದ ಮೇಲೆ ದೇಸಾಯರು ಬೇವಿನ ಬುಡದಲ್ಲಿ ಕಟ್ಟೆ ಕಟ್ಟಿಸಿ ಎಲ್ಲ ತಲೆಗಲ್ಲನ್ನೂ ಅದರ ಮೇಲೆ ಕೂಡ್ರಿಸುತ್ತಾರೆ, ಅಲ್ಲಿಯವರೆಗೆ ಅವು ವಾಡೆಯಲ್ಲಿರುತ್ತವೆ, ನೆಲ ಬರೀ ಬಡಿಯುತ್ತಾರೆ, ಯಾರ ಎಲುಬನ್ನೂ ಮುಟ್ಟುವುದಿಲ್ಲ ಅಂದ. ಹೆಂಗಸರು ಅತ್ತರು. ಪಕೀರಪ್ಪನೆಂಬ ಗೌಂಡಿ ಮಾತ್ರ ಕಟ್ಟೆಯ ಕೆಲಸ ತನಗ್ಯಾಕೆ ಹೇಳಿಲ್ಲವೆಂದು ಕೇಳಿದ. ಆದರೂ ನಂಬಿದರು. ಸತ್ತವರ ವಿಷಯದಲ್ಲಿ ಕುಳವಾಡಿ ಸುಳ್ಳಾಡಿದ್ದನ್ನು ಆ ಕೇರಿ ಕೇಳಿರಲಿಲ್ಲ.

ಕಲ್ಲು ಕಿತ್ತವನು ಅವನೊಬ್ಬನೇ. ವಾಡೆಯ ಹಿಂದೆ ಕೂತು ಸುಣ್ಣ ಬಳಿದವನೂ ಅವನೇ. ಹೆಂಡತಿ ಆದೆಮ್ಮನ ಕಲ್ಲು ಕೈಗೆ ಬಂದಾಗ ಕುಂಚ ನಿಂತಿತು. ಅದನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದು ಜೋಳ ತುಂಬಿಡುವ ಮಣ್ಣಿನ ವಾಡೇವಿನ ಹಿಂದೆ ಇಟ್ಟ. ಉಳಿದವರ ತಾಯಿ, ತಂದೆ, ಮಕ್ಕಳಿಗೆ ಒಂದು ಕೈ ಸುಣ್ಣ, ಮೇಲೆ ಇನ್ನೊಂದು ಕೈ. ಬೀಸುಕಲ್ಲಿನ ತೂತುಗಳಿಗೆ ಮಣ್ಣು ಮೆತ್ತಿದ. ಕಲ್ಲು ರಾಯಚೂರಿನಿಂದ ಬಂದವೆಂದು ಕಾರಭಾರಿ ಸಾರಿದ.

ಅಂದಿನಿಂದ ಸೋಮವಾರದ ಭಜನೆಯಲ್ಲಿ ಮಾರೆಪ್ಪನ ದನಿ ಏಳಲಿಲ್ಲ. ತಾಳ ಹಿಡಿದು ಕೂರುತ್ತಿದ್ದ. ಶಿವನ ಹೆಸರು ನಾಲಿಗೆಯ ತುದಿಗೆ ಬಂದು ಹಿಂದಿರುಗುತ್ತಿತ್ತು.

ವಿಮಾನ ಮೊದಲ ಸಲ ಇಳಿಯುವ ದಿನ ಬಂತು. ಬಯಲು ಗುಡಿಸಲು ಮುಂಜಾನೆಯೇ ಕೇರಿಯನ್ನು ಕರೆಸಿದ್ದರು. ಮುದುಕಿ ಗದ್ದೆಮ್ಮ ಅಂಚಿನ ಸಾಲಿನ ಹತ್ತಿರ ಕಸಬರಿಗೆ ಆಡಿಸುತ್ತಿದ್ದಳು. ಒಂದು ಕಲ್ಲಿನ ತೂತಿನಿಂದ ಒಣಗಿದ ಮಣ್ಣು ಉದುರಿತು. ಗದ್ದೆಮ್ಮ ಕೂತಳು. ಸೆರಗಿನಿಂದ ಉಜ್ಜಿದಳು. ಅಂಚಿನ ಮುಕ್ಕು ಬೆರಳಿಗೆ ಸಿಕ್ಕಿತು. ಮಗಳು ಸೂಗಮ್ಮನಿಗೆಂದು ದೇವದುರ್ಗದ ಸಂತೆಯಿಂದ ತಾನೇ ತಲೆಯ ಮೇಲೆ ಹೊತ್ತು ತಂದ ಬೀಸುಕಲ್ಲು. ಇಳಿಸುವಾಗ ಮುಕ್ಕಾಗಿತ್ತು. ಚೊಚ್ಚಲ ಬಾಣಂತನದಲ್ಲಿ ಮಗಳು ಹೋದಾಗ ಅದೇ ತಲೆಗಲ್ಲಾಗಿತ್ತು.

ಅವಳು ಕಿರುಚಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಮಾರೆಪ್ಪನನ್ನು ಕರೆದಳು. ಜನ ಸುತ್ತ ನೆರೆದರು.

"ಯಪ್ಪಾ ಮಾರೆಪ್ಪ, ನನ್ನ ಮಗಳು ಕಟ್ಟಿ ಮ್ಯಾಲ ಕುಂದರತಾಳ ಅಂದಿದ್ದಿ. ಇಲ್ಲಿ ಕಾವಲ ನಿಂತಾಳಲ್ಲೋ."

ಮಾರೆಪ್ಪ ಕಲ್ಲಿನ ಕಡೆಯಿಂದ ಮುಖ ತಿರುಗಿಸಿದ.

"ನಿನ್ನ ಆದೆಮ್ಮ ಎಲ್ಲಿ ನಿಂತಾಳ?" ಅಂದಳು ಗದ್ದೆಮ್ಮ. "ತೋರ್ಸು, ಆಕಿನ್ನೂ ಮಾತಾಡ್ಸತೀನಿ."

ಬೈದಿದ್ದರೆ ಮಾರೆಪ್ಪ ತಡೆದುಕೊಳ್ಳುತ್ತಿದ್ದ. ಆಕೆ ಅವನ ಹೆಂಡತಿಯನ್ನೂ ಸಾಲಿನಲ್ಲಿ ಎಣಿಸಿಕೊಂಡಿದ್ದಳು.

ಅವನು ಕೇರಿಯ ಕಡೆ ಓಡಿದ. ಓಡಿಹೋದ ಎಂದು ಯಾರೋ ಉಗುಳಿದರು. ಸ್ವಲ್ಪ ಹೊತ್ತಿಗೆ ಎದೆಗೆ ಬೀಸುಕಲ್ಲು ಅವುಚಿಕೊಂಡು ಏದುಸಿರು ಬಿಡುತ್ತ ಬಂದ. ಬಡಿದು ನುಣುಪಾಗಿಸಿದ ಬಯಲಿನ ನಟ್ಟನಡುವೆ ಅದನ್ನು ಇಟ್ಟ. ಸುಣ್ಣ ಕಾಣದ ಕರಿಕಲ್ಲು.

"ನನ್ನಾಕಿನ್ನ ಮನ್ಯಾಗ ಮುಚ್ಚಿಟ್ಟಿದ್ದೆ" ಅಂದ. "ನಿಮ್ಮೋರಿಗೆ ಸುಣ್ಣ ಬಳದೆ. ಹೊಲದ ಆಸೀಗೆ."

ಪಕೀರಪ್ಪ ಮುಂದೆ ಬಂದು ಅವನ ಕೆನ್ನೆಗೆ ಒಂದು ಬಾರಿಸಿದ. ಆಮೇಲೆ ಅಂಚಿಗೆ ಹೋಗಿ ಒಂದು ಬಿಳಿ ಕಲ್ಲು ಹೆಗಲಿಗೇರಿಸಿ ತಂದು ಆದೆಮ್ಮನ ಕಲ್ಲಿನ ಪಕ್ಕ ಇಳಿಸಿದ. ಅವನ ಹಿಂದೆ ಇನ್ನೊಬ್ಬ. ಹೆಂಗಸರು ಸಿಂಬಿ ಸುತ್ತಿ ತಲೆಯ ಮೇಲೆ ಹೊತ್ತರು.

ಕಾರಭಾರಿ ಕುದುರೆ ಓಡಿಸಿಕೊಂಡು ಬಂದ. ಧಣಿ ಬರೋ ಹೊತ್ತಾಯಿತು, ತೆಗೀರಿ ಎಂದು ಚಾಟಿ ಎತ್ತಿದ. ಚಾಟಿಗೆ ಸಿಕ್ಕಿದ್ದು ಮಾರೆಪ್ಪನ ಬೆನ್ನು.

"ಮಾನ್ಯ ಇವತ್ತಿಗೆ ಮುಗೀತು ಲೇ."

"ಮುಗೀಲಿ ಬಿಡ್ರಿ" ಅಂದ ಮಾರೆಪ್ಪ. "ನಾಳೆ ನೀವ್ ಸತ್ರ ಕುಣಿ ನೀವಾ ತೋಡ್ಕೊಳ್ರಿ."

ಅಷ್ಟರಲ್ಲಿ ರಾಯಚೂರಿನ ದಿಕ್ಕಿನಿಂದ ಗುಂಯ್ ಎನ್ನುವ ಸದ್ದು ಕೇಳಿತು. ಕಾರಭಾರಿ ಸತ್ತಾರ್ ಸಾಬನಿಗೆ ಬಿಳಿ ಬಟ್ಟೆ ಬೀಸು, ಜನ ತಾವಾಗಿಯೇ ಚದುರುತ್ತಾರೆ ಅಂದ. ಬಿಳಿ ಅಂದರೆ ಇಳಿಯಬಹುದು, ಕೆಂಪು ಅಂದರೆ ಬೇಡ. ಸತ್ತಾರ್ ಸಾಬ್ ಬಯಲಿನ ಜನರನ್ನು ನೋಡಿದ, ಬೀಡಿ ಎಸೆದ, ಕೆಂಪು ಬಟ್ಟೆ ಎತ್ತಿಕೊಂಡ.

ನಡುಬಯಲಲ್ಲಿ ಬೇರೆಯದೇ ಸಂಕಟ. ಸುಣ್ಣದಲ್ಲಿ ಎಲ್ಲ ಕಲ್ಲೂ ಒಂದೇ ಆಗಿದ್ದವು. ಹೆಂಗಸರು ಉಗುರಿನಿಂದ ಕೆರೆಯುತ್ತಿದ್ದರು, ಯಾವುದು ಯಾರದೆಂದು ಕೇಳುತ್ತಿದ್ದರು. ಎಲ್ಲ ಕಣ್ಣೂ ಕುಳವಾಡಿಯ ಮೇಲೆ. ಮಾರೆಪ್ಪ ಕಲ್ಲಿನಿಂದ ಕಲ್ಲಿಗೆ ತಡವುತ್ತ ಹೋದ. ಕೊನೆಗೆ ಕೈ ಸೋತು ಕೂತ.

"ನನಗೂ ಗೊತ್ತಾಗವಲ್ದವ್ವಾ."

ಗದ್ದೆಮ್ಮ ಸೂಗಮ್ಮನ ಕಲ್ಲು ಬಿಟ್ಟು ಎದ್ದಳು. ಪಕ್ಕದ, ಯಾರದೋ ಗೊತ್ತಿಲ್ಲದ ಕಲ್ಲಿನ ಮೇಲೆ ಕೈಯಿಟ್ಟಳು.

"ಎಲ್ಲಾರ ಹೆಸರೂ ಹೇಳ್ರಿ" ಅಂದಳು. "ಒಂದೊಂದು ಕಲ್ಲಿಗೂ."

ಹೇಳತೊಡಗಿದರು. ಒಬ್ಬರ ಸತ್ತವರನ್ನು ಇನ್ನೊಬ್ಬರು ಹೆಸರು ಹಿಡಿದು ಕರೆದರು. ಮಾರೆಪ್ಪನ ಕೈ ಕಲ್ಲಿಗೆ ತಾಕಲು ಅಂಜಿತು. ಗದ್ದೆಮ್ಮ ಅದನ್ನು ಹಿಡಿದೆಳೆದು ಕಲ್ಲಿನ ಮೇಲೆ ಇಟ್ಟಳು. ಅವನ ಮುಖ ಮಾತ್ರ ನೋಡಲಿಲ್ಲ.

ವಿಮಾನ ತೀರಾ ಕೆಳಗೆ ಬಂತು. ಅದರ ನೆರಳು ಬಾಗಿದ ಬೆನ್ನುಗಳ ಮೇಲೆ ಹರಿದುಹೋಯಿತು. ಸುತ್ತು ಹಾಕಿ ಮತ್ತೆ ಬಂತು, ಮತ್ತೆ ಸುತ್ತಿತು. ಸತ್ತಾರ್ ಸಾಬನ ಕೆಂಪು ಬಟ್ಟೆ ಇಳಿಯಲಿಲ್ಲ. ಕೆಳಗೆ ಯಾರೂ ತಲೆಯೆತ್ತಿ ನೋಡಲಿಲ್ಲ. ಹೆಸರು ಇನ್ನೂ ಮುಗಿದಿರಲಿಲ್ಲ.