ಜನವರಿ ಹದಿನೇಳರ ಪೆನಾಲ್ಟಿ

ಕಡೂರು ತಾಲ್ಲೂಕು ಕಚೇರಿಯ ಎದುರು ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಡುವ ಯೋಗಾನಂದನಿಗೆ ಒಂದು ಫುಟ್‌ಬಾಲ್ ಕಪ್ಪಿನ ಚರಿತ್ರೆ ಬರೆಯುವ ಕೆಲಸ ಬಂದು ಅಂಟಿಕೊಂಡಿತು. ಅವನು ಜೀವಮಾನದಲ್ಲಿ ಚೆಂಡು ಒದ್ದವನಲ್ಲ. ತಾರೀಕು ತಪ್ಪದೆ ಬರೆಯುತ್ತಾನೆ ಎಂಬ ಹೆಸರೊಂದಿತ್ತು, ಅಷ್ಟೆ. ಆ ಹೆಸರು ಉಳಿಸಿಕೊಳ್ಳಲು ಅವನು ಪಡುತ್ತಿದ್ದ ಪಾಡು ಊರಿಗೆ ಗೊತ್ತಿರಲಿಲ್ಲ. ಪತ್ರ ನೋಂದಣಿಯಾಗಿ, ಕೊಟ್ಟವರೂ ಕೊಂಡವರೂ ಹೋಟೆಲಿನಲ್ಲಿ ಒಟ್ಟಿಗೆ ದೋಸೆ ತಿನ್ನುತ್ತಿರುವಾಗ ಇವನು ನಕಲು ಪ್ರತಿ ಹಿಡಿದು, ಪೂರ್ವಕ್ಕೆ ರಸ್ತೆ ಎಂದು ಬರೆದೆನೋ ಓಣಿ ಎಂದು ಬರೆದೆನೋ ಎಂದು ಮೂರನೆಯ ಸಲ ನೋಡುತ್ತಿರುತ್ತಿದ್ದ.

ಕೆಲಸ ಕೊಟ್ಟವರು ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಪ್ಪ. ವಯಸ್ಸು ಎಂಬತ್ತೆರಡು. ಕಡೂರು ಫುಟ್‌ಬಾಲ್ ಸಂಘ ಹುಟ್ಟಿದಾಗಿನಿಂದ ಅದರ ಕಾರ್ಯದರ್ಶಿ. ಸಂಘಕ್ಕೆ ಐವತ್ತು ತುಂಬಿದ್ದಕ್ಕೆ ಒಂದು ಸ್ಮರಣ ಸಂಚಿಕೆ ತರುವುದೆಂದು ನಿಶ್ಚಯ ಮಾಡಿದ್ದರು. ಯೋಗಾನಂದ ಮೇಜು ಹಾಕಿಕೊಂಡಿದ್ದ ಜಗಲಿ ಅವರ ಮಂಡಿಯದೇ. ಹದಿನಾರು ವರ್ಷದಲ್ಲಿ ಒಂದು ದಿನವೂ ಏಳು ಎಂದವರಲ್ಲ. ಹಾಗಾಗಿ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಯಾರಾದ್ರೂ ಕಾಲೇಜ್ ಮೇಷ್ಟ್ರು ಬರೀಬಹುದಿತ್ತಲ್ಲ, ಯಜಮಾನ್ರೇ? ನಾನು ಸಂಜೆ ಕಾಲೇಜಲ್ಲಿ ಓದಿದೋನು."

"ಅವ್ರು ಬರೆದ್ರೆ ಚೆನ್ನಾಗಿರ್ತದೆ ಕಣಯ್ಯ. ನಂಗೆ ಸರಿಯಾಗಿರ್ಬೇಕು" ಎಂದು ಅವರು ಗೋಣಿಚೀಲದಲ್ಲಿ ಸುತ್ತಿದ ಹಳೆಯ ಫೈಲೊಂದನ್ನು ಮೇಜಿನ ಮೇಲಿಟ್ಟರು. ಕೊಬ್ಬರಿಯ ವಾಸನೆ ಹೊಡೆಯುತ್ತಿತ್ತು.

ಫೈಲಿನಲ್ಲಿದ್ದುದು ಭಾರತ ಜ್ಯೋತಿ ಕಪ್ಪಿನ ಕಾಗದಗಳು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಹುಟ್ಟಿ ತೊಂಬತ್ಮೂರರಲ್ಲಿ ಕಣ್ಣುಮುಚ್ಚಿದ ಕಪ್ಪು. ಹನ್ನೊಂದು ಜನ ಮತ್ತು ಒಂದು ಅಂಚೆ ವಿಳಾಸ ಇರುವ ಯಾವ ಊರಾದರೂ ಸೇರಬಹುದು ಎಂಬುದು ಅದರ ಮೊದಲ ನಿಯಮ. ಅಕ್ಕಪಕ್ಕದ ಊರುಗಳು ಮೊದಲು ಆಡುವುದು, ಗೆದ್ದವರು ಮುಂದಿನ ಊರಿಗೆ, ಹಾಗೇ ಗೆಲ್ಲುತ್ತ ಗೆಲ್ಲುತ್ತ ದಿಲ್ಲಿ. ಒಂದು ವರ್ಷ ಗೆದ್ದ ಊರಿನವರು ಕಪ್ಪು ವಾಪಸ್ ಕೊಡಲು ಒಪ್ಪದೆ, ಮಾರನೆಯ ವರ್ಷ ಗೆದ್ದವರು ಯಾರದೋ ಮನೆಯ ಹಿತ್ತಾಳೆ ಕೊಡ ಹಿಡಿದು ಫೋಟೋ ತೆಗೆಸಿಕೊಂಡಿದ್ದರು. ಇನ್ನೊಂದು ವರ್ಷ ಅತಿಥಿ ತಂಡದ ರೈಲು ಮೂರು ದಿನ ತಡವಾಗಿ, ಅವರಿಗೆಂದು ಮಾಡಿದ ಅಡುಗೆಯನ್ನೆಲ್ಲ ತಾವೇ ತಿಂದ ಊರಿನವರು ಓಡಲಾರದೆ ಸೋತಿದ್ದರು.

ಯೋಗಾನಂದನಿಗೆ ಇದೆಲ್ಲ ಓದಲು ಖುಷಿಯಾಯಿತು, ಬರೆಯಲು ಹೆದರಿಕೆಯಾಯಿತು. ಮೊದಲ ಕರಡಿನಲ್ಲಿ ಕಪ್ಪನ್ನು "ಸದರಿ ಕಪ್ಪು" ಎಂದೂ ಸೋತವರನ್ನು "ಎರಡನೇ ಪಾರ್ಟಿಯವರು" ಎಂದೂ ಬರೆದು, ಆಟದ ಮೈದಾನಕ್ಕೆ ನಾಲ್ಕೂ ದಿಕ್ಕಿನ ಚಕ್ಕುಬಂದಿ ಹಾಕಿದ್ದ. ಹೆಂಡತಿ ಮಾಯಾ ಓದಿ, "ರೀ, ಇದನ್ನ ಯಾರ ಹೆಸ್ರಿಗೆ ಖಾತೆ ಮಾಡಿಸ್ಬೇಕು?" ಎಂದಳು. ಅವನು ಅದನ್ನು ಹರಿದು ಮತ್ತೆ ಬರೆದ.

ತೊಂಬತ್ಮೂರಕ್ಕೆ ಬರುವ ಹೊತ್ತಿಗೆ ಕೈ ನಿಧಾನವಾಯಿತು. ಆ ವರ್ಷದ ಮ್ಯಾಚು ಅವನ ಮನೆಯದೇ ಮ್ಯಾಚು.

ಆಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಕಂದಾಯ ಕಟ್ಟಲೂ ತರೀಕೆರೆಗೆ ಹೋಗಬೇಕು, ಬೈಸಿಕೊಳ್ಳಲೂ ತರೀಕೆರೆಗೆ ಹೋಗಬೇಕು. ಹೀಗಿರುವಾಗ ಮೊದಲ ಸುತ್ತಿನಲ್ಲಿ ಅಜ್ಜಂಪುರಕ್ಕೂ ತರೀಕೆರೆಗೂ ಗಂಟುಬಿತ್ತು. ಯಾರ ಊರಲ್ಲಿ ಆಡಿದರೂ ತಲೆ ಒಡೆಯುತ್ತದೆಂದು ಕಡೂರಿನಲ್ಲಿ, ರೈಲು ಹಳಿಯ ಪಕ್ಕದ ಬಯಲಿನಲ್ಲಿ ಇಟ್ಟುಕೊಂಡರು. ಜನವರಿ ಹದಿನೇಳು, ಭಾನುವಾರ. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯಲು ಎರಡು ನಿಮಿಷವಿದೆ ಎನ್ನುವಾಗ ಅಜ್ಜಂಪುರಕ್ಕೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ನಿಂತವನು ಕರಿಯಣ್ಣ. ಅಮೃತಮಹಲ್ ಕಾವಲಿನಲ್ಲಿ ದನಗಳ ಹಿಂದೆ ಓಡಿ ಓಡಿ ಕಾಲು ಕಬ್ಬಿಣವಾಗಿದ್ದ ಆಳು. ಬರಿಗಾಲಲ್ಲಿ ಒದ್ದ. ಚೆಂಡು ಗೋಲಿನ ಮೇಲೆ ಹಾರಿ, ಬೇಲಿಯ ಮೇಲೆ ಹಾರಿ, ಬೀರೂರು ಕಡೆ ಹೋಗುತ್ತಿದ್ದ ಗೂಡ್ಸ್ ರೈಲಿನ ತೆರೆದ ಡಬ್ಬಿಯೊಳಗೆ ಬಿತ್ತು. ರೈಲು ನಿಲ್ಲಲಿಲ್ಲ. ಎರಡನೆಯ ಚೆಂಡು ಇರಲಿಲ್ಲ. ಮುಂದಿನ ಭಾನುವಾರ ಮತ್ತೆ ಆಡುವುದೆಂದು ಎಲ್ಲರೂ ಮನೆಗೆ ಹೋದರು. ಬೀರೂರು ಜಂಕ್ಷನ್ನಿನಲ್ಲಿ ಆ ಡಬ್ಬಿ ಅಜ್ಜಂಪುರದ ಕಡೆ ತಿರುಗಿತೋ ತರೀಕೆರೆಯ ಕಡೆ ತಿರುಗಿತೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಮಾರನೆಯ ದಿನ ಸೋಮವಾರ, ಕಪ್ಪನ್ನೇ ನಿಲ್ಲಿಸಿದ್ದೇವೆ ಎಂದು ದಿಲ್ಲಿಯಿಂದ ಕಾಗದ ಬಂದಿದೆಯೆಂದು ಮಲ್ಲಿಕಾರ್ಜುನಪ್ಪ ಸಾರಿದರು. ಕಾಗದದಲ್ಲಿ ಕೊಟ್ಟ ಕಾರಣ "ಆಡಳಿತಾತ್ಮಕ". ಅದು ಯಾರಿಗೂ ಅರ್ಥವಾಗಲಿಲ್ಲ. ಇದ್ದೊಂದು ಚೆಂಡನ್ನೂ ರೈಲಿಗೆ ಹತ್ತಿಸುವ ಜನಕ್ಕೆ ಕಪ್ಪು ಯಾಕೆ ಎಂದು ದಿಲ್ಲಿಯವರು ನಿಲ್ಲಿಸಿಬಿಟ್ಟರು ಎಂಬುದು ಎಲ್ಲರಿಗೂ ಅರ್ಥವಾಯಿತು. ಅಜ್ಜಂಪುರ, ತರೀಕೆರೆ ಎರಡೂ ಒಪ್ಪಿದ ಮಾತು ಇದೊಂದೇ. ಅಂದಿನಿಂದ ಅವನು ಪೆನಾಲ್ಟಿ ಕರಿಯಣ್ಣ. ಅವನ ಮಗಳು ಮಾಯಾ ಶಾಲೆಯಲ್ಲಿ ಪೆನಾಲ್ಟಿ ಮಾಯಾ. ಆ ಮಾಯಾಳನ್ನು ಮದುವೆಯಾದ ದಿನ ಅಜ್ಜಂಪುರದವರೊಬ್ಬರು ಯೋಗಾನಂದನ ಕೈಕುಲುಕಿ, "ಕಟ್ಟಪ್ಪಾ ಪೆನಾಲ್ಟಿ" ಎಂದಿದ್ದರು.

ಫೈಲಿನಲ್ಲಿ ಆ ಕಾಗದ ಇತ್ತು. ಬರೆದ ತಾರೀಕು ಜನವರಿ ನಾಲ್ಕು. ನಾಲ್ಕರಂದು ಹೊರಟದ್ದು ಹದಿನೆಂಟಕ್ಕೆ ಸೇರಿತೇ ಎಂದು ಯೋಗಾನಂದ ಅದರ ರಿಜಿಸ್ಟರ್ಡ್ ಕವರನ್ನು ತಿರುಗಿಸಿದ. ಬೆನ್ನಿನ ಮೇಲೆ ಕಡೂರು ಅಂಚೆ ಕಚೇರಿಯ ಮೊಹರು. ಹನ್ನೆರಡು. ಕನ್ನಡಕ ಒರೆಸಿ ನೋಡಿದ. ಹನ್ನೆರಡೇ. ಮಂಗಳವಾರ.

ಉಳಿದದ್ದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಂಡಿಯಲ್ಲಿ ಮುಚ್ಚಿದ ಲಕೋಟೆ ಯಾವುದೇ ಬರಲಿ, ಅದು ನೇರ ಈಶ್ವರನ ಪಟದ ಹಿಂದಕ್ಕೆ. ಸೋಮವಾರ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಆಮೇಲೆ ಒಡೆಯುವುದು. ಮಲ್ಲಿಕಾರ್ಜುನಪ್ಪನವರ ತಂದೆಯ ಕಾಲದಿಂದ ಬಂದ ಪದ್ಧತಿ. ಹೋದ ವರ್ಷ ಕರೆಂಟು ಕಡಿಯುವ ನೋಟೀಸು ಬುಧವಾರ ಬಂದು, ಶನಿವಾರ ಕರೆಂಟೇ ಹೋಗಿ, ಸೋಮವಾರ ದೀಪದ ಬೆಳಕಿನಲ್ಲಿ ಅದನ್ನು ಒಡೆದು ಓದಿದ್ದನ್ನು ಯೋಗಾನಂದನೇ ಕಂಡಿದ್ದ.

ಅಂದರೆ ಮ್ಯಾಚು ನಡೆದ ದಿನ ಕಪ್ಪು ಆಗಲೇ ಇರಲಿಲ್ಲ. ಮಾವ ಗೋಲು ಹೊಡೆದಿದ್ದರೂ ಅಜ್ಜಂಪುರ ಎಲ್ಲಿಗೂ ಹೋಗುತ್ತಿರಲಿಲ್ಲ. ಇದನ್ನು ಬರೆದರೆ ಮಾವನ ಮೂವತ್ತೆರಡು ವರ್ಷದ ಕಳಂಕ ಹೋಗುತ್ತದೆ. ಜೊತೆಗೆ ಮಲ್ಲಿಕಾರ್ಜುನಪ್ಪನವರ ಮಾನವೂ ಹೋಗುತ್ತದೆ, ಅದೂ ಅವರೇ ತರುತ್ತಿರುವ ಸಂಚಿಕೆಯಲ್ಲಿ, ಅವರದೇ ಜಗಲಿಯ ಮೇಲೆ ಕೂತು ಬರೆದದ್ದರಲ್ಲಿ. ಬರೆಯದಿದ್ದರೆ ತಪ್ಪು ತಾರೀಕಿನ ಕೆಳಗೆ ತನ್ನ ಹೆಸರು. ಯೋಗಾನಂದ ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ.

"ಬರೀರಿ. ಕಣ್ಣುಮುಚ್ಚಿ ಬರೀರಿ" ಎಂದಳು ಮಾಯಾ. "ಏಳನೇ ಕ್ಲಾಸಲ್ಲಿ ನಾನು ಥ್ರೋಬಾಲ್ ಹಿಡಿದ್ರೆ, ರೈಲು ನೋಡ್ಕೊಂಡು ಹಾಕೇ ಅಂತಿದ್ರು. ಅಪ್ಪಂಗೆ ಎಷ್ಟು ಖುಷಿ ಆಗ್ತದೆ ನೋಡ್ತಿರಿ."

ಮೊದಲು ಮಾವನಿಗೆ ಹೇಳೋಣವೆಂದು ಭಾನುವಾರ ಇಬ್ಬರೂ ಅಜ್ಜಂಪುರಕ್ಕೆ ಹೋದರು. ಕರಿಯಣ್ಣ ಕಾವಲಿನ ಕೆಲಸದಿಂದ ನಿವೃತ್ತನಾಗಿ, ಈಗ ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಹೋಗಿಬರುವವರ ಹತ್ತಿರ ಹರಟುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ಯೋಗಾನಂದ ಕವರು, ಮೊಹರು, ಈಶ್ವರನ ಪಟ ಎಲ್ಲವನ್ನೂ ಕ್ರಮವಾಗಿ ಹೇಳಿ, ಕೊನೆಗೆ, "ಅಂದ್ರೆ ನಿಮ್ ತಪ್ಪೇ ಇಲ್ಲ, ಮಾವ" ಎಂದ.

ಕರಿಯಣ್ಣನ ಮುಖ ಸಪ್ಪಗಾಯಿತು.

"ಇದ್ನ ಅಚ್ಚು ಹಾಕುಸ್ತೀಯಾ?"

"ಹೂಂ, ಮಾವ."

"ಬ್ಯಾಡ."

"ಯಾಕಪ್ಪಾ?" ಎಂದಳು ಮಾಯಾ.

"ಯಾಕೆ ಅಂದ್ರೆ? ಲೇ ಮಾಯಾ, ಈ ಊರಾಗೆ ಗೋಲು ಹೊಡ್ದೋರು ಇಪ್ಪತ್ತು ಜನ ಅವ್ರೆ. ಒಬ್ನ ಹೆಸ್ರು ಹೇಳು ನೋಡಾನ. ಹೇಳು! ನನ್ ಹೆಸ್ರು ಹಿರೇನಲ್ಲೂರಾಗೆ ಕೇಳು, ಲಕ್ಕವಳ್ಳಿಯಾಗೆ ಕೇಳು, ಕಪ್ಪು ನಿಲ್ಲಿಸ್ದೋನಲ್ವಾ ಅಂತಾರೆ. ದಿಲ್ಲಿಯೋರ್ನ ಒಂದೇ ಒದೆಗೆ ನಿಲ್ಲಿಸ್ದೋನು ಅಂತ ಕೂರ್ಸಿ ಟೀ ಕುಡುಸ್ತಾರೆ. ಈಗ ನಿನ್ ಗಂಡ ಬಂದು, ಏನೂ ಇರ್ಲಿಲ್ಲ, ಸುಮ್ನೆ ಒದ್ದ ಅಂತಾನೆ."

"ನಾನು ಪಟ್ಟ ಪಾಡು?"

"ನೀನೂ ಹೆಸರುವಾಸಿ ಆದೆ ಅಂದ್ಕೊ."

ಮಾಯಾ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಇಡತೊಡಗಿದಳು.

ಮಂಗಳವಾರ ಬೆಳಿಗ್ಗೆ ಯೋಗಾನಂದ ಮೇಜು ಒರೆಸುವಾಗ ಮಲ್ಲಿಕಾರ್ಜುನಪ್ಪ ಕೋಲೂರಿಕೊಂಡು ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

"ತೊಂಬತ್ಮೂರು ಮುಗೀತೇನಯ್ಯ?"

"ಒಂದು... ಒಂದು ಕವರ್ ಸಿಕ್ತು, ಯಜಮಾನ್ರೇ." ಅವನ ದನಿ ಅವನಿಗೇ ಕೇಳಲಿಲ್ಲ.

"ಸಿಕ್ತಾ! ಸದ್ಯ." ಅವರು ಕೋಲನ್ನು ಗೋಡೆಗೊರಗಿಸಿದರು. "ನೀನು ಬೆನ್ನು ತಿರುಗಿಸಿ ನೋಡೇ ನೋಡ್ತೀಯ ಅಂತಲೇ ನಿಂಗೆ ಕೊಟ್ಟಿದ್ದು. ಸೋಮವಾರ ಒಡೆದು ನೋಡ್ದೆ, ಎದೆ ಧಸಕ್ ಅಂತು. ಇವತ್ತು ಬಂತು ಅಂತ ಬಾಯಿಗೆ ಬಂದ್ಬಿಡ್ತು. ಆಮೇಲೆ ಆ ಕರಿಯಣ್ಣನ್ನ ಎಲ್ರೂ ಆಡ್ಕೊಳ್ಳೋಕೆ ಶುರು ಮಾಡಿದ್ರು. ನಾಳೆ ಹೇಳಣ, ನಾಳಿದ್ದು ಹೇಳಣ ಅಂತ ಇಷ್ಟು ವರ್ಷ ಆಯ್ತು. ಬರಿ. ನನ್ ಹೆಸ್ರು ಹಾಕೇ ಬರಿ."

"ಮಾವ ಬೇಡ ಅಂತಾರೆ."

"ಯಾರು?"

"ನಾನೇ ಕಣ್ರೀ ಸಾವ್ಕಾರ್ರೆ" ಎಂದು ಮೆಟ್ಟಿಲ ಕೆಳಗಿನಿಂದ ಉತ್ತರ ಬಂತು. ಅಳಿಯ ಎಲ್ಲಿ ಅಚ್ಚಿಗೆ ಕಳಿಸಿಬಿಡುತ್ತಾನೋ ಎಂದು ಕರಿಯಣ್ಣ ಬೆಳಗಿನ ಮೊದಲ ರೈಲಿಗೇ ಬಂದಿದ್ದ.

ಆಮೇಲೆ ನಡೆದದ್ದು ತಾಲ್ಲೂಕು ಕಚೇರಿಗೆ ಬಂದವರೆಲ್ಲ ನಿಂತು ನೋಡುವಂಥ ಜಗಳ.

"ನಾನು ತಪ್ಪು ಮಾಡಿದೀನಿ ಕಣಯ್ಯ, ಒಪ್ಕೊಳ್ಳೋಕೆ ಬಿಡು!"

"ನಿಮ್ ತಪ್ಪು ನೀವ್ ಇಟ್ಕೊಳ್ಳಿ ಸಾವ್ಕಾರ್ರೆ, ನನ್ ತಪ್ಪಿಗ್ಯಾಕೆ ಕೈ ಹಾಕ್ತೀರಿ? ನನ್ ಜೀವಮಾನಕ್ಕೆ ಇರೋದು ಅದೊಂದು!"

"ನಿನ್ನ ತಪ್ಪೇ ಅಲ್ವಲ್ಲೋ ಅದು!"

"ಮೂವತ್ತೆರಡು ವರ್ಷ ನಾನು ಸಾಕಿದೀನಿ. ನಂದೇ ಅದು."

ಇಬ್ಬರೂ ಯೋಗಾನಂದನ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ಅವನು ಮಾಡುತ್ತಿದ್ದುದು ಒಂದೇ: ಕಾಗದ ನೋಡುವುದು. ಫೈಲು ಬಿಚ್ಚಿದ. ತಳದಲ್ಲಿ ಕಪ್ಪಿನ ಕೊನೆಯ ವರದಿ ಇತ್ತು, ಇಂಗ್ಲಿಷಿನಲ್ಲಿ. ಎರಡು ಸಲ ಓದಿದ್ದ. ಈಗ ಮೂರನೆಯ ಸಲ ಬೆರಳಿಟ್ಟು ಓದಿದ. ದೇಶದ ಎಲ್ಲ ಸಂಘಗಳಿಗೂ ಜನವರಿ ನಾಲ್ಕರಂದು ಕಾಗದ ಕಳಿಸಿ ಮುಂದಿನ ಮ್ಯಾಚುಗಳನ್ನು ನಿಲ್ಲಿಸಲಾಯಿತು. ಕೊನೆಯ ಮ್ಯಾಚು ನಡೆದದ್ದು ಜನವರಿ ಮೂರರಂದು, ಪಂಜಾಬಿನ ಕಡೆ ಎಲ್ಲೋ. ಕಡೂರಿನ ಮ್ಯಾಚು ಪಟ್ಟಿಯಲ್ಲೇ ಇರಲಿಲ್ಲ. ಇಲ್ಲಿ ಆಡಿದ್ದು ದಿಲ್ಲಿಗೆ ಗೊತ್ತೇ ಇಲ್ಲ.

ಅವನು ತಲೆಯೆತ್ತಿದ. "ಮಾವ, ನೀವು ಒದ್ದಿದ್ದು ಹದಿನೇಳಕ್ಕೆ."

"ಅದ್ಕೇನೀಗ?"

"ಬೇರೆಯೋರೆಲ್ಲ ಕಾಗದ ಬಂದ ದಿನವೇ ಒಡೆದಿದಾರೆ, ಆಟ ನಿಲ್ಸಿದಾರೆ. ಇಲ್ಲಿ ಮಾತ್ರ ಸೋಮವಾರ ಬರೋ ತನಕ ಒಡೀಲಿಲ್ಲ. ಅದ್ರಿಂದ ಇಲ್ಲಿ ಮಾತ್ರ ಆಡಿದ್ರು." ಅವನು ವರದಿಯನ್ನು ಮಾವನ ಕಡೆ ತಿರುಗಿಸಿದ. "ಮೂವತ್ತೊಂದು ವರ್ಷದ ಕಪ್ಪಿನಲ್ಲಿ ಕೊನೇ ಸಲ ಚೆಂಡಿಗೆ ಬಿದ್ದ ಕಾಲು ನಿಮ್ದು. ಅದಾದ್ಮೇಲೆ ಚೆಂಡೇ ಇರ್ಲಿಲ್ವಲ್ಲ."

ಕರಿಯಣ್ಣ ತನ್ನ ಬಲಗಾಲನ್ನು ನೋಡಿಕೊಂಡ.

"ಇಡೀ ಇಂಡಿಯಾದಾಗೆ?"

"ಹೂಂ."

"ಕೊನೇದು?"

"ಹೂಂ, ಮಾವ. ಆದ್ರೆ ಅದನ್ನ ಬರೀಬೇಕು ಅಂದ್ರೆ ಕವರಿನ ತಾರೀಕೂ ಬರೀಬೇಕು. ಒಂದು ಬಿಟ್ಟು ಒಂದು ಬರೆಯೋಕಾಗಲ್ಲ."

ಕರಿಯಣ್ಣ ಮಲ್ಲಿಕಾರ್ಜುನಪ್ಪನವರ ಕಡೆ ತಿರುಗಿ, ದನಿಯನ್ನು ತೀರಾ ಮೆತ್ತಗೆ ಮಾಡಿಕೊಂಡು, "ಪಾಪ, ಹಿರೀರು. ಒಪ್ಕೋತೀನಿ ಅಂತಾವ್ರೆ. ಅವ್ರ ಮನಸ್ಸಿಗೆ ಯಾಕೆ ನೋವು ಮಾಡ್ಬೇಕು" ಎಂದ. ಮಲ್ಲಿಕಾರ್ಜುನಪ್ಪ ಕೆಮ್ಮು ಬರುವವರೆಗೆ ನಕ್ಕರು.

ಯೋಗಾನಂದ ಅಲ್ಲೇ ಕೂತು ಬರೆದ. ನಾಲ್ಕು, ಹನ್ನೆರಡು, ಹದಿನೇಳು, ಹದಿನೆಂಟು, ನಾಲ್ಕು ತಾರೀಕೂ ಬರೆದ. ಸೋಮವಾರದ ಪದ್ಧತಿ ಬರೆದ. ಗೂಡ್ಸ್ ರೈಲು ಬರೆದ. ಕೊನೆಗೆ ಗಟ್ಟಿಯಾಗಿ ಓದಿದ: "ಸಿಕ್ಕ ದಾಖಲೆಗಳ ಪ್ರಕಾರ, ಭಾರತ ಜ್ಯೋತಿ ಕಪ್ಪಿನ ಚರಿತ್ರೆಯಲ್ಲಿ ಕೊನೆಯ ಒದೆತ ಅಜ್ಜಂಪುರದ ಕರಿಯಣ್ಣನವರದು."

"ಆ ಮೊದ್ಲಿನ ಮೂರು ಮಾತು ತೆಗಿ" ಎಂದ ಕರಿಯಣ್ಣ.

"ಯಾವ್ದು?"

"ಸಿಕ್ಕ ದಾಖಲೆ ಗಿಕ್ಕ ದಾಖಲೆ. ಕೊನೇದು ಅಂದ್ರೆ ಕೊನೇದು."

"ಅಸ್ಸಾಮಲ್ಲೋ ಕೇರಳದಲ್ಲೋ ಇನ್ಯಾರಾದ್ರೂ ಸೋಮವಾರಕ್ಕೆ ಕಾಯೋರು ಇದ್ದಿದ್ರೆ?"

"ಇಂಥೋರು ಇನ್ನೊಬ್ರು ಇರ್ತಾರೇನಪ್ಪಾ ಭೂಮಿ ಮ್ಯಾಲೆ?" ಕರಿಯಣ್ಣ ಮಲ್ಲಿಕಾರ್ಜುನಪ್ಪನವರನ್ನು ತೋರಿಸಿದ. ಅವರು ಇಲ್ಲವೆಂದು ಹೆಮ್ಮೆಯಿಂದ ತಲೆಯಾಡಿಸಿದರು.

ಮಾವನಿಗೆ ಯೋಗಾನಂದ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಇಲ್ಲ ಎಂದವನಲ್ಲ. ಪೆನ್ನು ಹಿಡಿದ ಕೈ ಆ ಮೂರು ಮಾತಿನ ಮೇಲೆ ನಿಂತಿತು. ಆಮೇಲೆ ಅವನು ಪೆನ್ನಿನ ಮುಚ್ಚಳ ಹಾಕಿದ.

"ಇಲ್ಲ, ಮಾವ. ಅದು ಇರ್ಲಿ."

ಕರಿಯಣ್ಣ ಅಳಿಯನನ್ನು ಮೇಲಿಂದ ಕೆಳಗೆ ನೋಡಿದ. "ನೋಡ್ರೀ ಸಾವ್ಕಾರ್ರೆ, ಬಾಯಿ ಬಂತು" ಎಂದು, ಮೂರು ಕಾಫಿ ಹೇಳಲು ತಾನೇ ಎದುರಿನ ಹೋಟೆಲಿಗೆ ಹೊರಟ. ರಸ್ತೆ ದಾಟುವ ಮೊದಲೇ ಯಾರನ್ನೋ ನಿಲ್ಲಿಸಿಕೊಂಡು ಬಲಗಾಲು ಎತ್ತಿ ತೋರಿಸುತ್ತಿದ್ದ. ಕಾಫಿ ಬರಲು ಬಹಳ ಹೊತ್ತಾಯಿತು.