ಮೂವತ್ತೊಂದನೇ ನಂಬರಿನ ಹಾಜರಿ

ಒಂದು ಗಂಟೆಯ ಪಾಠಕ್ಕೆ ಅರ್ಧ ಜಿಬಿ, ಮೇಷ್ಟ್ರು ಹಲಗೆ ತೋರಿಸಿದರೆ ಮುಕ್ಕಾಲು, ದಿನಕ್ಕೆ ಸಿಗುವುದೇ ಒಂದೂವರೆ, ಅಂದರೆ ಎರಡು ಕ್ಲಾಸಿಗೆ ಸರಿಹೋಯಿತು, ಮೂರನೆಯದರ ಹೊತ್ತಿಗೆ ಪರದೆಯ ಮೇಲೆ ಚಕ್ರ ಸುತ್ತುತ್ತಾ ಕೂರುತ್ತದೆ, ಆಗ ಪಕ್ಕದ ಮನೆಯವರ ವೈಫೈ ಕೇಳಬೇಕು, ಅದಕ್ಕೊಂದು ನಗು, ಎರಡು ಕುಶಲದ ಮಾತು, ಹುಡುಗಿ ಹೇಗೆ ಓದ್ತಿದಾಳೆ ಅಂದರೆ ಚೆನ್ನಾಗಿ ಅನ್ನುವ ಒಂದು ಸುಳ್ಳು — ಅಂಗೈಯಲ್ಲಿ ಫೋನು ಬಿಸಿಯಾಗುತ್ತಿದೆ, ಮಧ್ಯಾಹ್ನದ ಟ್ರಿಪ್ಪಿನಲ್ಲಿ ಎಂಜಿನ್ ಮುಚ್ಚಳದ ಮೇಲೆ ಕೈಯಿಟ್ಟ ಹಾಗೆ, ಒಂಬತ್ತೂ ಕಾಲು, ಮೇಷ್ಟ್ರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಅವನು ಅಡುಗೆಮನೆಗೂ ಮಗಳ ಕೋಣೆಗೂ ನಡುವಿನ ಸಣ್ಣ ಜಾಗದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾನೆ, ಬೆನ್ನಿಗೆ ಗೋಡೆ, ಎದುರಿಗೆ ಅವಳ ಮುಚ್ಚಿದ ಬಾಗಿಲು, ಇಪ್ಪತ್ತಾರು ವರ್ಷ ನಿಂತೇ ದುಡಿದ ಕಾಲಿಗೆ ಈ ಕೂರುವ ಕೆಲಸ ಒಗ್ಗುವುದೇ ಇಲ್ಲ, ಸಿಟಿ ಬಸ್ಸಿನ ಕಂಡಕ್ಟರನಿಗೂ ಒಂದು ಸೀಟು ಅಂತ ಇರುತ್ತದೆ, ಅದರಲ್ಲಿ ಯಾವತ್ತೂ ಯಾರೋ ಬಸುರಿ ಹೆಂಗಸು ಕೂತಿರುತ್ತಾಳೆ. ಈಗ ಆ ಸೀಟೂ ಖಾಲಿ, ಲಾಕ್‌ಡೌನಿಗೆ ಬಸ್ಸುಗಳೆಲ್ಲ ಡಿಪೋದಲ್ಲಿ ಸಾಲಾಗಿ ನಿಂತು ಧೂಳು ತಿನ್ನುತ್ತಿವೆಯಂತೆ, ಡ್ರೈವರ್ ಫೋನು ಮಾಡಿದ್ದ, ಗುರುವೇ ಟೈರಿನ ಗಾಳಿ ಇಳೀತಾ ಇದೆ, ನಿಂದು ಹೆಂಗಿದೆ ಅಂತ, ನಂದೂ ಇಳೀತಿದೆ ಮಾರಾಯ ಅಂದಿದ್ದ ಇವನು. ಫೋನಿನಲ್ಲಿ ಬೆರಳು ಸರಿಸಿದಷ್ಟೂ ಚೌಕಗಳು, ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ, ಮುಖ ಮಾತ್ರ ಒಂದೂ ಇಲ್ಲ, ಇಪ್ಪತ್ತೊಂಬತ್ತು ಅಂತ ಮೇಷ್ಟ್ರು ಕರೆಯುತ್ತಾರೆ, ಮೂವತ್ತು, ಮೂವತ್ತೊಂದು, ಮಗಳ ನಂಬರು, ಅವನ ಹೆಬ್ಬೆರಳು ತಾನೇ ತಾನಾಗಿ ಓಡುತ್ತದೆ, ಟಿಕೆಟ್ ಹರಿದು ಹರಿದು ಸವೆದ ಹೆಬ್ಬೆರಳು, ಪ್ರೆಸೆಂಟ್ ಸರ್, ಕಳಿಸು. ಆಯಿತು. ನಲವತ್ತೊಂದನೇ ದಿನ. ಟಿಕೆಟ್ ಇಲ್ಲದ ಪ್ರಯಾಣಿಕರನ್ನು ಎಷ್ಟು ಹಿಡಿದಿದ್ದಾನೋ ಲೆಕ್ಕವಿಲ್ಲ, ನಿದ್ದೆ ಬಂದಂತೆ ನಟಿಸುವವರು, ಪಾಸು ಮನೇಲಿದೆ ಅನ್ನುವವರು, ಹಿಂದಿನವರು ತಗೋತಾರೆ ಅನ್ನುವವರು — ಪ್ರಯಾಣಿಕಳೇ ಇಲ್ಲದ ಟಿಕೆಟನ್ನು ಈಗ ತಾನೇ ದಿನಾ ಹರಿಯುತ್ತಿದ್ದಾನೆ.

ಮೊದಲ ಹದಿನಾಲ್ಕು ದಿನ ಹೀಗಿರಲಿಲ್ಲ, ಆಗ ಬಾಗಿಲು ಮುಚ್ಚಲು ಕಾರಣವಿತ್ತು, ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದ ಹುಡುಗಿಗೆ ಸೋಂಕು ಬಂತು, ಇವಳನ್ನು ಚೀಲದ ಸಮೇತ ಮನೆಗೆ ಕಳಿಸಿದರು, ಆರೋಗ್ಯ ಇಲಾಖೆಯವನು ಬಂದು ಹೊರಬಾಗಿಲಿಗೆ ಚೀಟಿ ಅಂಟಿಸಿದ, ಒಂದೇ ಕೋಣೇಲಿರ್ಬೇಕಮ್ಮ, ತಟ್ಟೆ ಬಾಗಿಲ ಹತ್ರ, ಅಂದ. ಅವಳು ಒಳಗಿಂದ ನಗುತ್ತಿದ್ದಳು ಆಗ, ಅಪ್ಪಾ, ನಾನೀಗ ಹುಲಿ, ಮೃಗಾಲಯದೋರ ಥರ ಊಟ ತಳ್ತೀಯಲ್ಲ ಅಂತ, ಹುಲಿಗೆ ಎರಡು ಮೊಟ್ಟೆ ಸಾಕೇನಮ್ಮ ಅಂತ ಇವನು, ಫೋನಿನಲ್ಲಿ ಗೆಳತಿಯರ ಜತೆ ಗಲಗಲ, ಆಮೇಲೆ ಯಾವ ದಿನದಿಂದ ಆ ಸದ್ದು ನಿಂತಿತೋ ನೆನಪಾಗುವುದಿಲ್ಲ, ನಿಂತ ಸದ್ದು ಕಿವಿಗೆ ಬೀಳುವುದು ತಡ. ಹದಿನೈದನೇ ದಿನ ಚೀಟಿ ಕಿತ್ತರು, ಇನ್ನು ಬರಬಹುದು ಅಂದರು, ಅಮ್ಮ ಅವಳಿಗಿಷ್ಟದ ಹಳದಿ ಟವೆಲು ಒಗೆದು ಹರವಿದಳು, ಒಳಗಿಂದ ನಾಳೆ ಬರ್ತೀನಮ್ಮ ಅಂತ ಬಂತು. ನಾಳೆ ಅಂದರೆ ನಾಳೆ, ಮತ್ತೆ ನಾಳೆ. ಅದಾದ ಮೂರನೇ ಬೆಳಿಗ್ಗೆ ಮುಟ್ಟದ ತಟ್ಟೆಯ ಪಕ್ಕ ಫೋನು ಇತ್ತು, ಬಾಗಿಲಿನಾಚೆಯಿಂದ ಸ್ವರ, ನೀನೇ ಇಟ್ಕೋ ಅಪ್ಪ, ನಂಗೆ ಬೇಡ, ಅಷ್ಟರಲ್ಲಿ ಅದು ಬಡಿದುಕೊಳ್ಳತೊಡಗಿತು, ಕ್ಲಾಸು, ಹಾಜರಿ, ನೂರಕ್ಕೆ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಇದೊಂದು ದಿನ ಅಂದುಕೊಂಡ, ಪ್ರೆಸೆಂಟ್ ಅಂತ ಬರೆಯಲು ಏಳು ಸಲ ತಪ್ಪಿದ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು, ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ, ಕೈಯೆಲ್ಲ ಬ್ಲೀಚಿಗೆ ಬಿರಿದಿದೆ, ಊಟದ ಬಿಡುವಿನಲ್ಲಿ ಫೋನು, ಏನ್ರೀ, ಎದ್ದಳಾ, ಕ್ಲಾಸಿಗೆ ಕೂತ್ಲಾ, ಕೂತಿದಾಳೆ ಕಣೇ, ಹಾಜರಿ ಕೊಟ್ಲು, ಅದು ಸುಳ್ಳೇನೂ ಅಲ್ಲ, ಹಾಜರಿ ಹೋಗಿದೆ. ಅಯ್ಯೋ ಸದ್ಯ, ಓದ್ತಿದಾಳಲ್ಲ, ಹೊರಗೆ ಬರ್ದಿದ್ರೂ ಪರವಾಗಿಲ್ಲ, ಮನಸ್ಸು ಗಟ್ಟಿಯಿದೆ ಅಂತಾಯ್ತು, ಜ್ವರಕ್ಕಾದ್ರೆ ಥರ್ಮಾಮೀಟ್ರಿದೆ ಕಣ್ರೀ, ಇದಕ್ಕೇನಿದೆ. ಇದಕ್ಕೆ ಅವನದೇ ಒಂದು ಅಳತೆಯಿದೆ, ಹೆಂಡತಿಗೆ ಹೇಳಿಲ್ಲ, ಅವನು ಹಾಲು ತರಲು ಹೋದಾಗ ಮಾತ್ರ ಮಗಳು ಬಚ್ಚಲಿಗೆ ಬರುತ್ತಾಳೆ, ವಾಪಸು ಬಂದು ಮೊದಲು ಮುಟ್ಟುವುದು ಸೋಪು, ಒದ್ದೆಯಿದ್ದರೆ ಸಮಾಧಾನ, ಒಣಗಿದ್ದ ದಿನ ಅವಳ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಾನೆ. ಒಂದು ಸಲ ಹಾಲಿಗೆ ಹೋದಂತೆ ಮಾಡಿ ಮೆಟ್ಟಿಲಲ್ಲೇ ನಿಂತು, ನಲ್ಲಿಯ ಸದ್ದು ಕೇಳಿದ ಕೂಡಲೇ ನುಗ್ಗಿ ಅವಳ ಕೋಣೆಯ ಒಳಚಿಲಕದ ಸ್ಕ್ರೂಗಳನ್ನು ಸಡಿಲಿಸಿ ಬಂದ, ಒಂದು ತಳ್ಳು ತಳ್ಳಿದರೆ ಕಿತ್ತು ಬರುವಷ್ಟು, ಮಾತ್ರೆಯ ಡಬ್ಬಿ ಕತ್ತರಿ ಎಲ್ಲ ತನ್ನ ಹಳೇ ಟಿಕೆಟ್ ಪೆಟ್ಟಿಗೆಯೊಳಗಿಟ್ಟು ಬೀಗ. ತಳ್ಳಿಲ್ಲ ಇನ್ನೂ. ಮನಸ್ಸಿನ ಕಷ್ಟಕ್ಕೆ ಅಂತಿರುವ ಸಹಾಯವಾಣಿಗೂ ಫೋನು ಮಾಡಿದ್ದ, ಕಾಯಿಸುವ ಸಂಗೀತ ಮುಗಿದ ಮೇಲೆ ಒಬ್ಬಳು ಹುಡುಗಿ, ಪಾಪ ಅವಳಿಗೂ ಸುಸ್ತು, ನಿಮ್ ಮಗಳಿಗೇ ಫೋನ್ ಕೊಡಿ ಸಾರ್, ಆಕೆ ಮಾತಾಡಿದ್ರೆ ತಾನೇ ಅಂದಳು, ಅವಳು ಮಾತಾಡೋದಿದ್ರೆ ನಿಮಗ್ಯಾಕಮ್ಮ ಫೋನ್ ಮಾಡ್ತಿದ್ದೆ.

ಎಲ್ರೂ ಕೇಳಿಸ್ಕೊಳ್ತಿದೀರಾ, ಮೇಷ್ಟ್ರು ಕೇಳುತ್ತಿದ್ದಾರೆ, ಅವರ ಹಿಂದೆ ಬೀರುವಿನ ಬಾಗಿಲೇ ಕರಿಹಲಗೆ, ಪಕ್ಕದಲ್ಲಿ ಯಾರದೋ ಮಗು ಅಳುತ್ತಿದೆ, ಗಡ್ಡ ಬೆಳೆದಿದೆ, ಮೊದಲ ವಾರ ಇಸ್ತ್ರಿ ಅಂಗಿ ಹಾಕುತ್ತಿದ್ದ ಮನುಷ್ಯ. ಚಲಿಸ್ತಿರೋ ಬಸ್ಸಲ್ಲಿ ನಿಂತು ಒಂದು ನಾಣ್ಯ ನೇರ ಮೇಲಕ್ಕೆ ಎಸೆದ್ರೆ ಎಲ್ಲಿ ಬೀಳುತ್ತೆ, ಯಾರಾದ್ರೂ ಹೇಳಿ. ಚೌಕಗಳು ಸುಮ್ಮನಿವೆ. ಇದೀರಾ, ಮೇಷ್ಟ್ರು ಕೇಳುತ್ತಾರೆ, ಗೋಡೆ ಜತೆ ಮಾತಾಡ್ದಂಗಿದೆಯಪ್ಪ ನಂಗೆ, ಆ ದನಿ ಅವನಿಗೆ ಗೊತ್ತು, ಕೊನೇ ಟ್ರಿಪ್ಪಿನಲ್ಲಿ ಖಾಲಿ ಬಸ್ಸಿಗೆ ಅಭ್ಯಾಸಬಲದಿಂದ ಮುಂದೆ ಹೋಗಿ ಮುಂದೆ ಜಾಗ ಇದೆ ಅಂದುಬಿಟ್ಟು ತಾನೇ ಪೆಚ್ಚಾಗುವುದು, ಅಯ್ಯೋ ಪಾಪ, ಮೇಷ್ಟ್ರೇ, ನಾನಿದೀನಲ್ಲ — ನಾಣ್ಯದ ವಿಷಯ ಇವನಿಗೆ ಯಾರೂ ಕಲಿಸಬೇಕಾಗಿಲ್ಲ, ಚಿಲ್ಲರೆ ಮೇಲಕ್ಕೆ ಹಾರಿಸಿ ಹಿಡಿಯುವುದನ್ನು ನೋಡಿ ನಗಲೆಂದೇ ಶಾಲೆಯ ಮಕ್ಕಳು ಅವನ ಬಸ್ಸಿಗೆ ಕಾಯುತ್ತಿದ್ದರು, ಹೆಬ್ಬೆರಳು ಓಡುತ್ತದೆ, ಕೈಗೇ ಬೀಳುತ್ತೆ ಸರ್, ಬಸ್ ಜತೆ ನಾಣ್ಯಾನೂ ಹೋಗ್ತಿರುತ್ತಲ್ಲ. ಆಹಾ, ಯಾರದು, ಮೂವತ್ತೊಂದಾ, ಸರಿ, ಮೇಲಿದ್ದಾಗ ಡ್ರೈವರ್ ಬ್ರೇಕ್ ಹಾಕಿದ್ರೆ? ಮುಂದೆ ಬೀಳುತ್ತೆ ಸರ್, ಸೀಟಿನ ಕೆಳಗೆ ಉರುಳುತ್ತೆ, ಆಮೇಲೆ ಸಿಗಲ್ಲ. ಮೇಷ್ಟ್ರು ನಕ್ಕರು, ನಿಜವಾಗಿ ನಕ್ಕರು, ಅಳುತ್ತಿದ್ದ ಮಗುವೂ ನಿಲ್ಲಿಸಿತು, ಭೇಷ್ ಕಣಮ್ಮ, ಎರಡು ತಿಂಗಳಿಂದ ಎಲ್ಲಿ ಬಚ್ಚಿಟ್ಕೊಂಡಿದ್ದೆ, ಈ ಕ್ಲಾಸಲ್ಲಿ ಜೀವ ಇರೋದು ನೀನೊಬ್ಬಳಿಗೇ ನೋಡು! ಅವನ ಎದೆ ಉಬ್ಬಿತು, ಏಳನೇ ಕ್ಲಾಸು ಮುಗಿಸದವನ ಎದೆ, ಫೋನಿನ ದನಿ ಜೋರಾಗಿದೆ ಅನ್ನುವುದು ಆಮೇಲೆ ಹೊಳೆದದ್ದು, ಬಾಗಿಲಿನಾಚೆಯಿಂದ ಅಪ್ಪಾ ಅಂತ ಬಂದ ಮೇಲೆ. ನಾಲ್ಕು ದಿನದಿಂದ ಆ ಬಾಯಿಂದ ಮಾತಿರಲಿಲ್ಲ. ಏನು ಪುಟ್ಟಿ, ಏನಮ್ಮ. ನಾನು ಚೆನ್ನಾಗಿ ಓದ್ತಿದೀನಲ್ಲ. ಅವನು ನಗಲು ನೋಡಿದ. ನಾನಿಲ್ದಿದ್ರೂ ಎಲ್ಲಾ ನಡೆಯುತ್ತೆ ಅಲ್ವಾ ಅಪ್ಪ. ಅಳುವಿಲ್ಲ, ಕೋಪವಿಲ್ಲ, ಈ ಬಸ್ಸು ಅಲ್ಲಿಗೆ ಹೋಗುತ್ತಲ್ವಾ ಅಂತ ಕೇಳುವವರ ದನಿ.

ನಲವತ್ತೊಂದು ದಿನ, ಮಗಳು ಯಾಕೆ ಬರಲಿಲ್ಲ ಅಂತ ಕಾಲೇಜಿನವರು ಒಂದು ಫೋನೂ ಮಾಡಲಿಲ್ಲವೆಂದು ಬೈದುಕೊಂಡಿದ್ದನಲ್ಲ, ಯಾಕೆ ಮಾಡುತ್ತಾರೆ, ಅವಳು ದಿನಾ ಬರುತ್ತಿದ್ದಾಳಲ್ಲ, ಒಳಗಿಂದ ಅವಳು ಮುಚ್ಚಿದ ಬಾಗಿಲಿಗೆ ಹೊರಗಿಂದ ಇವನು ಬೀಗ ಜಡಿದು ಕೂತಿದ್ದ, ಪ್ರೆಸೆಂಟ್ ಸರ್, ಪ್ರೆಸೆಂಟ್ ಸರ್. ಮೈಕಿನ ಗುರುತಿನ ಮೇಲೆ ಕೆಂಪು ಗೀಟಿದೆ, ಅದನ್ನು ಒತ್ತಿದರೆ ಗೀಟು ಹೋಗುತ್ತದೆ, ಒತ್ತಿದ, ಸರ್ ಅಂದ, ಸ್ಟಾಪಿನ ಹೆಸರು ಕೂಗುವ ದಪ್ಪ ಗಂಟಲು, ಇಡೀ ಕ್ಲಾಸಿಗೆ ಕೇಳಿಸಿತು. ಯಾರದು? ನಾನು ಮೂವತ್ತೊಂದರ ಅಪ್ಪ ಸರ್, ಕಂಡಕ್ಟರು, ನಾಣ್ಯದ ಉತ್ತರ ನಂದೇ, ಅವಳು ಬಂದೇ ಇಲ್ಲ ಸರ್, ಇಷ್ಟು ದಿನದಿಂದ ಕೋಣೆ ಬಿಟ್ಟು ಬಂದಿಲ್ಲ, ಹಾಜರಿ ಎಲ್ಲಾ ನಾನೇ ಹಾಕಿದ್ದು, ಅಷ್ಟಕ್ಕೂ ಗೈರು ಹಾಕಿಬಿಡಿ. ಮೇಷ್ಟ್ರು ಮೆಲ್ಲಗೆ, ಯೋಚನೆ ಮಾಡಿ ಹೇಳ್ತಿದೀರಾ ಯಜಮಾನ್ರೇ, ಹಾಕಿದ್ರೆ ಪರೀಕ್ಷೆಗೆ ಕೂರಕ್ಕಾಗಲ್ಲ, ಒಂದು ವರ್ಷ ಹೋಗುತ್ತೆ. ಹೋಗ್ಲಿ ಸರ್, ಅವಳು ಬರ್ಲಿಲ್ಲ ಅಂತ ಯಾರಿಗಾದ್ರೂ ಗೊತ್ತಾಗ್ಲಿ, ಇಲ್ದೋಳನ್ನ ಇದಾಳೆ ಅಂತ ಬರೀಬೇಡಿ, ನಮಗವಳು ಬೇಕು ಸರ್, ಅಂದ, ಆಗ ಇನ್ನೊಂದು ಚೌಕ ಮಿನುಗಿತು, ಹೆಂಗಸಿನ ದನಿ, ಹಿಂದೆ ಪಾತ್ರೆಯ ಸದ್ದು, ಸರ್, ಹದಿನೇಳಕ್ಕೂ ಗೈರು ಹಾಕಿಬಿಡಿ, ನಾನವನ ಅಮ್ಮ. ಅಯ್ಯೋ ದೇವರೇ ಅಂದರು ಮೇಷ್ಟ್ರು, ಇನ್ನೆಷ್ಟು ಜನ ಅಪ್ಪ ಅಮ್ಮಂದಿರಿಗೆ ಪಾಠ ಮಾಡ್ತಿದೀನಪ್ಪ ನಾನು, ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಒಂದು ಹುಡುಗಿ, ಅಂಕಲ್, ನಾನು ಹಾಸ್ಟೆಲಲ್ಲಿ ಅವಳ ಪಕ್ಕದ ಮಂಚದೋಳು, ನಂಗೀಗ ವಾಸಿಯಾಗಿದೆ, ದಿನಾ ಮೆಸೇಜ್ ಹಾಕ್ತಿದೀನಿ, ಕ್ಲಾಸಿಗೆ ಬರ್ತಾಳೆ, ನಂಗೆ ಮಾತ್ರ ಉತ್ತರ ಕೊಡಲ್ಲ, ನನ್ನಿಂದ ಕಷ್ಟ ಆಯ್ತು ಅಂತ ನನ್ ಮೇಲೆ ಕೋಪ ಅಂದ್ಕೊಂಡಿದ್ದೆ, ಅವಳಿಗೆ ಫೋನ್ ಕೊಡಿ ಅಂಕಲ್, ಸುಮ್ನೆ ಹಿಡ್ಕೊಂಡಿರ್ಲಿ, ಮಾತಾಡದೇ ಇದ್ರೂ ಪರವಾಗಿಲ್ಲ. ಮೆಸೇಜುಗಳ ಕೆಂಪು ಚುಕ್ಕೆಯೊಳಗಿನ ಅಂಕಿ ದಿನಾ ಬೆಳೆಯುವುದನ್ನು ಅವನು ನೋಡಿದ್ದ, ಮಗಳ ಕಾಗದ ಒಡೆಯಬಾರದು ಅಂತ ಮುಟ್ಟಿರಲಿಲ್ಲ, ಹೆಬ್ಬೆರಳು ಮುಟ್ಟಬೇಕಾದಲ್ಲಿ ಮುಟ್ಟಲಿಲ್ಲ, ಮುಟ್ಟಬಾರದ ಕಡೆ ಓಡಿತು, ಸಂಜೆ ಅವಳಮ್ಮನಿಗೆ ಹೇಳಬೇಕು, ಅವಳು ಆ ಬಿರಿದ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ, ಬೈಯುತ್ತಾಳೆ, ಬೈಯಲಿ — ಚಿಲಕ ಸರಿದ ಸದ್ದು. ಅವನು ಏಳಲಿಲ್ಲ. ಬಾಗಿಲು ಹಿಂದಕ್ಕೆ ಹೋಯಿತು, ಅಂಗೈ ಅಗಲದಷ್ಟು, ಒಳಗೆಲ್ಲ ಕತ್ತಲೆ, ಆ ಸಂದಿಯಿಂದ ನೆಲದ ಹತ್ತಿರಕ್ಕೆ ನಾಲ್ಕು ಬೆರಳು ಬಂದವು, ಫೋನಿಗೆ ಚಾಚಿದ ಬೆರಳು, ಉಗುರು — ಉಗುರು ಕತ್ತರಿಸಿಯೇ ಇಲ್ಲ, ಇಷ್ಟುದ್ದ, ಒಂದು ಅಡ್ಡಕ್ಕೆ ಮುರಿದಿದೆ, ಭಾನುವಾರ ಬಂತೆಂದರೆ ಪೇಪರು ಹಾಸಿಕೊಂಡು ಕೂತು ಕತ್ತರಿಸಿಕೊಳ್ಳುತ್ತಿದ್ದವಳು. ಫೋನು ಕೊಟ್ಟ. ಹಲೋ ಹಲೋ ಅನ್ನುತ್ತಾ ಅದು ಒಳಗೆ ಹೋಯಿತು, ಹಲೋ ಕಣೇ, ಇದೀಯಾ, ಬೆರಳು ಮತ್ತೆ ಬಂದು ಬಾಗಿಲಿನ ಅಂಚು ಹಿಡಿದವು, ಈಗ ಮುಚ್ಚುತ್ತಾಳೆ, ಈಗ, ಆ ಉಗುರು, ಆ ಮುರಿದ ಉಗುರು, ಮುಚ್ಚಲಿಲ್ಲ. ಮಗಳ ಓದಿನ ಒಂದು ವರ್ಷ ಹೋಯಿತು. ಬಾಗಿಲು ಅಂಗೈ ಅಗಲದಷ್ಟು ತೆರೆದಿದೆ, ಅಂಚಿನಲ್ಲಿ ನಾಲ್ಕು ಉಗುರು.